ಸಿನೆಮಾದ ಧಾಟಿಯ ವಚನ

ಯುದ್ಧದ ವರ್ಷಗಳು. ಮನೆಯ ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಆದರೂ ಗೋಕಾಕಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಮಸಗುಪ್ಪಿಯಿಂದ ಚಕ್ಕಡಿಯಲ್ಲಿ ಹೋಗಿ ಅವ್ವ, ಅಕ್ಕ, ನಾನು ಒಂದು ಮರಾಠಿ ಸಿನೆಮಾ ನೋಡಿಬಂದೆವು. ಒಂದೇ ಆಟದಲ್ಲಿ ಮೂರು ಪ್ರೇಮಕಥೆ. ಗ್ರಾಮೊಫೋನ್ ತಟ್ಟೆಗಳಿಂದ ಆಗಲೇ ಎಲ್ಲರ ಬಾಯಿಗೆ ಬಿದ್ದಿದ್ದ ಮೂರು ಹಾಡು ಹಿಡಿದು, ಒಂದೊಂದಕ್ಕೂ ಒಂದೊಂದು ಕಥೆ ಹೊಲಿದಿದ್ದರು. ಆ ಕಥೆಗಳು ನನ್ನ ತಲೆಯಲ್ಲಿ ಕಲಸಿಹೋಗಿವೆ. ಬಾವಿಗೆ ಬಿದ್ದವಳು ಮೊದಲನೆಯವಳೋ ಮೂರನೆಯವಳೋ ಹೇಳಲಾರೆ. ಅಕ್ಕನಿಗೆ ಮಾತ್ರ ಮೂರೂ ಹಾಡು ಒಂದೇ ಸಲಕ್ಕೆ ಬಂದವು.

ಅಷ್ಟರಲ್ಲಿ ಆಕೆಯನ್ನು ಎರಡು ಕಡೆಯವರು ನೋಡಿ ಬಿಟ್ಟುಹೋಗಿದ್ದರು. ಮೂಡಲಗಿಯಲ್ಲಿ ಹೆಂಡತಿ ಸತ್ತವನೊಬ್ಬ ಕಾಯುತ್ತಿದ್ದ. ಹುಕ್ಕೇರಿಯ ಸಂಬಂಧ ತಪ್ಪಿದರೆ ಅವನಿಗೇ ಕೊಡುವುದು ಎಂದು ಅಪ್ಪ ಅಕ್ಕನ ಎದುರೇ ಹೇಳಿದ್ದ.

ಹುಕ್ಕೇರಿಯಿಂದ ಹುಡುಗನ ತಾಯಿ ಮತ್ತು ಆಕೆಯ ತಂಗಿ ಕನ್ಯೆ ನೋಡಲು ಬಂದರು. ನಡೆಸಿ ನೋಡಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು. ಕೊನೆಗೆ ವಚನ. ನಮ್ಮ ಮನೆಯಲ್ಲಿ ವಚನಕ್ಕೆಂದು ಗೊತ್ತಾದ ಧಾಟಿ ಇರಲಿಲ್ಲ, ಬಾಯಿಗೆ ಬಂದ ರಾಗಕ್ಕೆ ಹೊಂದಿಸಿ ಅನ್ನುವುದೇ ವಾಡಿಕೆ. ಅಕ್ಕನ ಬಾಯಿಗೆ ಬಂದದ್ದು ಸಿನೆಮಾದ ರಾಗ.

ಹುಡುಗನ ತಾಯಿ ತಲೆ ಎತ್ತಿದಳು. “ಅಯ್ಯ, ಇದು ಆ ಸಿನೆಮಾದ ಎರಡನೇ ಕತಿ ಹಾಡಲ್ಲೇನ?”

“ಹೌದ್ರಿ,” ಅಕ್ಕನ ಮುಖ ಅರಳಿತು. “ನೀವೂ ನೋಡೀರೇನ್ರಿ?”

“ನೋಡೀನಿ, ಅತ್ತೂ ಬಂದೀನಿ. ವಚನ ಇರ್ಲಿ, ಆ ಹಾಡು ಪೂರಾ ಹೇಳವ್ವಾ.”

ಅಕ್ಕ ಹೇಳಿದಳು. “ಮೂರನೇದೂ ಆಗ್ಲಿ,” ಎಂದಳು ಜೊತೆಗೆ ಬಂದಿದ್ದ ತಂಗಿ. ಅದೂ ಆಯಿತು. ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಅವಲಕ್ಕಿ ಮುಗಿಸಿದರು, ಇನ್ನೊಂದು ಕಪ್ ಚಹಾ ಬೇಡಿದರು. ಬಾಗಿಲ ಹಿಂದೆ ಅವ್ವ ಕೈ ಮುಗಿದು ನಿಂತಿದ್ದಳು.

ಚಹಾ ಕುಡಿದಾದ ಮೇಲೆ ಹುಡುಗನ ತಾಯಿ ಅಪ್ಪನ ಕಡೆ ತಿರುಗಿದಳು. “ಹುಡುಗಿ ಬಾಳ ಛಲೋ ಹಾಡ್ತಾಳ್ರಿ. ಆದ್ರ ಶರಣರ ಮಾತಿಗೆ ಇಂಥಾ ರಾಗಾ ಹಚ್ಚಾಕಿ, ನಾಳೆ ನಮ್ಮ ಮನ್ಯಾಗ ಏನಕ್ಕ ಏನ ಹಚ್ಚತಾಳೋ.” ನೀರಿನ ತಂಬಿಗೆ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. “ಈ ಸಣ್ಣಾಕಿಗೂ ಹಾಡಾಕ ಬರತೈತೇನ್ರಿ?”

“ಎಲ್ಲೀದ್ರಿ,” ಅಪ್ಪ ನಕ್ಕ. “ಈಕಿ ಬಾಯಿ ತಗದ್ರ ಹಿತ್ತಲದಾಗಿನ ಎಮ್ಮಿ ಹಗ್ಗಾ ಹರಕೊಂತೈತಿ.”

“ಹಂಗಾದ್ರ ಈಕಿನ್ನ ಕೊಡ್ರಿ.”

ಮುಂದೆ ಹುಕ್ಕೇರಿಯಲ್ಲಿ ಅತ್ತೆ ಬಂದವರಿಗೆಲ್ಲ ಬೇರೆಯೇ ಹೇಳುತ್ತಿದ್ದಳು: ತಾನು ಹೋದದ್ದೇ ಕಿರಿಯವಳನ್ನು ನೋಡಲು, ಹಿರಿಯವಳು ನಡುವೆ ಬಂದು ಹಾಡಿದಳು. ಎಷ್ಟು ಸಲ ಕೇಳಿದೆನೆಂದರೆ, ಈಗ ಆ ದಿನ ನನಗೂ ಆಕೆಯ ಕಣ್ಣಿನಿಂದಲೇ ಕಾಣುತ್ತದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಿರುತ್ತಾಳೆ. ಅಕ್ಕ ನಿಂತಿರಲಿಲ್ಲ. ಚಾಪೆಯ ಮೇಲೆ ಕುಳಿತಿದ್ದಳು, ಅವರೇ ಕೂಡಿಸಿದ್ದರು.

ನನ್ನ ಮೈಗೆ ಅರಿಷಿಣ ಹಚ್ಚುವ ದಿನ ಹುಕ್ಕೇರಿಯ ಹೆಂಗಸರು ಬಂದರು. ಅಕ್ಕನ ಮದುವೆ ಅಷ್ಟರಲ್ಲಿ ಮೂಡಲಗಿಯವನೊಂದಿಗೆ ಗೊತ್ತಾಗಿತ್ತು. ಅತ್ತೆ ಅವಳನ್ನೇ ಕರೆದಳು. “ಹಚ್ಚಿಕೊಂತ ಆ ಮೂರನೇ ಕತಿ ಹಾಡು ಹೇಳವ್ವಾ. ಮೂಡಲಗಿಗೆ ಹೋದಮ್ಯಾಲ ನಮಗೆಲ್ಲಿ ಸಿಗತಿ.”

ಅಕ್ಕ ಹಾಡಿದಳು. ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ ಎಂದು ಬರೆಯಬಹುದು, ಆದರೆ ಹಾಡು ಹೇಗಿತ್ತೆಂದು ನನಗೆ ಗೊತ್ತಿಲ್ಲ. ಪಲ್ಲವಿ ಮುಗಿಯುವಾಗ ಆಕೆಯ ಹೆಬ್ಬೆರಳು ಅರಿಷಿಣ ಸಮೇತ ನನ್ನ ಎಡಗಣ್ಣಿಗೆ ಹೋಯಿತು. ಕೈ ಜಾರಿತು ಎಂದಳು ಅವ್ವ. ಜಾರಿದ ಕೈ ಅಷ್ಟು ಹೊತ್ತು ಒತ್ತುವುದಿಲ್ಲ.

“ನೋಡ್ರೆವ್ವಾ, ತವರ ಬಿಡಾಕ ಹುಡುಗಿ ಈಗಽ ಅಳಾಕತ್ತೈತಿ,” ಎಂದು ಅತ್ತೆ ನಕ್ಕಳು. ಹೆಂಗಸರೆಲ್ಲ ನಕ್ಕರು. ಅಕ್ಕ ಹಾಡು ನಿಲ್ಲಿಸದೆ ಬಲಗಣ್ಣಿನ ಕಡೆಗೆ ಬಂದಳು.