ಅಗ್ಗದ ದೂರದರ್ಶಕಕ್ಕೆ ತಜ್ಞನ ರುಜು

ಮೊಳಕಾಲ್ಮೂರಿನ ನಮ್ಮ ಕಾಲೇಜಿಗೆ ಪೋಷಕರ ವಂತಿಗೆಯಲ್ಲಿ ಒಂದು ಅಗ್ಗದ ದೂರದರ್ಶಕ ಕೊಳ್ಳಬೇಕಿತ್ತು. ಭೌತಶಾಸ್ತ್ರದ ಮೇಷ್ಟ್ರೆಂದು ಆರಿಸುವ ಕೆಲಸ ನನಗೆ ಬಿತ್ತು. ಚಳ್ಳಕೆರೆಯ ಅಂಗಡಿಯವನು ಉದ್ದನೆಯ ಕೊಳವೆಯೊಂದನ್ನು ತಂದು, "ಐನೂರು ಪಟ್ಟು ದೊಡ್ಡದಾಗಿ ಕಾಣ್ತೈತೆ ಸಾರ್" ಎಂದ. ಎದುರಿನ ಗುಡ್ಡದ ಬಂಡೆ ದೊಡ್ಡದಾಗಿಯೇ ಕಂಡಿತು. ನಾನು ತಲೆಯಾಡಿಸಿದೆ.

ಪೋಷಕರ ಪರವಾಗಿ ಬಂದಿದ್ದವರು ರೇಷ್ಮೆ ಸೀರೆ ನೇಯುವ ನಾರಾಯಣಪ್ಪ. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

"ಚೂಡಂಡಿ ಸಾರ್, ನೀವೇ ನೋಡ್ರಿ, ಬಂಡೆ ಅಂಚಿಗೆ ಒಂದ್ ಕಡೆ ಕೆಂಪು, ಒಂದ್ ಕಡೆ ನೀಲಿ. ಹಿಂಗೆ ಬಣ್ಣ ಬಿಟ್ಟ ಸೀರೆ ಕೊಟ್ರೆ ಸಾವ್ಕಾರ ನನ್ ಮುಖದ ಮೇಲೆ ಎಸೀತಾನೆ."

"ಯಜಮಾನ್ರೇ, ಇದು ಸೀರೆ ಅಲ್ಲ" ಎಂದು ಅಂಗಡಿಯವನು ನಕ್ಕ.

ನಾನು ಮತ್ತೆ ನೋಡಿದೆ. ಅವರು ಹೇಳಿದ್ದು ನಿಜ. ಮಸೂರದ ಈ ದೋಷವನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುವವನು ನಾನೇ.

"ಇದು ಬೇಡ ಸಾರ್, ಶನಿಯ ಉಂಗುರ ನೆಟ್ಟಗೆ ಕಾಣೋದಿಲ್ಲ" ಎಂದು ಪಕ್ಕದಲ್ಲಿ ನಿಂತಿದ್ದ ಪ್ರಿನ್ಸಿಪಾಲರಿಗೆ ಹೇಳಿದೆ.

"ಈಗ ಹೇಳ್ತೀರಲ್ರೀ" ಎಂದು ಅವರು ಕೊಳವೆಯನ್ನು ತಿರುಗಿಸಿದರು. ಆಡಳಿತ ಮಂಡಳಿ ಅಧ್ಯಕ್ಷರ ಹೆಸರನ್ನು ಚಳ್ಳಕೆರೆಯಲ್ಲೇ ಅದರ ಮೇಲೆ ಬರೆಸಿಬಿಟ್ಟಿದ್ದರು.

ನಾನು ಖರೀದಿ ಪತ್ರಕ್ಕೆ ರುಜು ಹಾಕಿದೆ.

"ಉಂಗುರ ನೋಡ್ತೀನಂತ ನನ್ ಮಗಳು ಕುಣೀತಾಳೆ. ಏನಂತ ಹೇಳ್ಲಿ ಸಾರ್?" ಎಂದರು ನಾರಾಯಣಪ್ಪ.

ಉದ್ಘಾಟನೆಯ ದಿನ ಅಧ್ಯಕ್ಷರು ಅದೇ ಬಂಡೆಯನ್ನು ನೋಡಿ, "ಏನ್ ಬಣ್ಣ ರೀ!" ಎಂದು ಮೆಚ್ಚಿಕೊಂಡರು. ಒಳ್ಳೆಯದನ್ನು ಆರಿಸಿದ ತಜ್ಞನೆಂದು ನನಗೊಂದು ಶಾಲು ಹೊದಿಸಿದರು. ಹೊದ್ದುಕೊಂಡೆ.