ತಳಕ್ಕೆ ಬಾಗಿಲಿಲ್ಲದ ತೊಟ್ಟಿ

ದ್ರಾಕ್ಷಿ ಹುಳಿಯುವ ತೊಟ್ಟಿಯ ತಳದಲ್ಲಿ ಮನುಷ್ಯ ಉಸಿರಾಡಲಾರ. ಇದು ನಿಮಗೆ ಗೊತ್ತಿರಬೇಕಿತ್ತು. ನಿಮ್ಮ ಅಜ್ಜನಿಗೆ ಗೊತ್ತಿತ್ತು. ನೆಲದೊಳಗೆ ರಾಗಿ ತುಂಬಿಟ್ಟ ಹಗೇವಿನ ಬಾಯಿ ತೆಗೆದ ದಿನ ಆತ ನೇರವಾಗಿ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಇಳಿಯಬಾರದು.

ಗೋವಿಂದರಾಜನಗರದ ವಠಾರವೊಂದರಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವ ಬೈರಯ್ಯ ಈ ಪದ್ಧತಿಯನ್ನು ಹಳ್ಳಿಯಿಂದ ತಂದವನು. ಸುಂಕದಕಟ್ಟೆಯ ಆಚೆ ಇರುವ ವೈನು ಕಾರ್ಖಾನೆಯಲ್ಲಿ ಅವನಿಗೆ ತೊಟ್ಟಿ ತೊಳೆಯುವ ಕೆಲಸ. ರಸವನ್ನೆಲ್ಲ ಬಸಿದ ಮೇಲೆ ತಳದಲ್ಲಿ ಸಿಪ್ಪೆ ಉಳಿಯುತ್ತದೆ. ತೊಟ್ಟಿಗೆ ಮೇಲೊಂದೇ ಬಾಯಿ. ಯಾರಾದರೂ ಒಳಗಿಳಿದು ಬಾಚಲೇಬೇಕು. ಬೈರಯ್ಯ ಮೊದಲು ಸೀಮೆಎಣ್ಣೆ ಬುಡ್ಡಿ ಇಳಿಬಿಡುತ್ತಿದ್ದ. ಅದು ಆರಿದರೆ ಗೋಣಿತಾಟನ್ನು ಹಗ್ಗಕ್ಕೆ ಕಟ್ಟಿ, ಮೇಲೆ ಕೆಳಗೆ ಎಳೆದೆಳೆದು ಗಾಳಿ ಕಲಕಿ, ಮತ್ತೆ ಬುಡ್ಡಿ ಬಿಡುತ್ತಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದ ವೆಂಕಟಸ್ವಾಮಿ, ಬೈರಯ್ಯನ ತಂಗಿ ಕೋಕಿಲಾಳ ಗಂಡ, ರೇಗಿಸುತ್ತಿದ್ದ:

“ಏನ್ ಭಾವ, ಸಾರಾಯಿಗೂ ಆರತಿ ಎತ್ತೀರಾ?”

“ಸಾರಾಯಿ ಅಲ್ಲ ಕಣಯ್ಯ, ವೈನು. ಸಾಹೇಬ್ರು ಕುಡಿಯೋದು. ಅದಕ್ಕೇ ಆರತಿ.”

ಹೋದ ವರ್ಷ ಶಿವರಾತ್ರಿಯೂ ದ್ರಾಕ್ಷಿಯೂ ಒಟ್ಟಿಗೆ ಬಂದವು. ಹಣ್ಣು ಹಬ್ಬಕ್ಕೆ ಕಾಯುವುದಿಲ್ಲ, ಇಬ್ಬರೂ ಕೆಲಸಕ್ಕೆ ಹೊರಟರು. ತುಂಬಿದ ಬಸುರಿ ಕೋಕಿಲಾ ಬಾಗಿಲಿಗೆ ಬಂದಳು.

“ಅಣ್ಣ, ಇವತ್ತೊಂದಿನ ದೀಪ ಆರಿಸ್ಬ್ಯಾಡ ಕಣಣ್ಣ. ನಂಗೆ ಭಯ ಆಯ್ತದೆ.”

“ಅದು ತೊಟ್ಟಿ ದೀಪ ಕಣಮ್ಮ. ದೇವ್ರ ದೀಪ ಅಲ್ಲ.”

“ದೀಪ ದೀಪಾನೇ ಅಲ್ವಾ?”

ಶಿವರಾತ್ರಿಯ ದಿನ ಬಸುರಿ ತಂಗಿ ಹೀಗೆ ಕೇಳಿದರೆ ಯಾವ ಅಣ್ಣ ಇಲ್ಲ ಅನ್ನುತ್ತಾನೆ? ಬೈರಯ್ಯ ಆ ದಿನ ಬುಡ್ಡಿ ಮುಟ್ಟಲಿಲ್ಲ. ಮ್ಯಾನೇಜರ್ ಚಕ್ರಪಾಣಿಯವರ ಕೋಣೆಯಿಂದ ಬ್ಯಾಟರಿ ಕೇಳಿ ತಂದು, ಹೊತ್ತಿಸಿ, ಅದನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. “ಬೆಳಕು ತಳ ಮುಟ್ಟಿದ್ರೆ ಇಳಿ” ಎಂದು ಅವನಪ್ಪ ಹೇಳಿಕೊಟ್ಟಿದ್ದ. ಯಾಕೆ ಎಂದು ಹೇಳಿರಲಿಲ್ಲ. ಬೆಳಕು ತಳ ಮುಟ್ಟಿತು. ಉರಿಯುವುದಕ್ಕೆ ಬ್ಯಾಟರಿಗೆ ಗಾಳಿ ಬೇಕಿಲ್ಲ.

“ಭಾವ, ಚೆನ್ನಾಗ್ ಕಾಣ್ತೈತೆ” ಎನ್ನುತ್ತ ವೆಂಕಟಸ್ವಾಮಿ ಏಣಿ ಇಳಿದ. ಸಲಿಕೆ ಒಂದು ಸಲ ಗಾರೆಗೆ ಉಜ್ಜಿದ ಸದ್ದಾಯಿತು. ಆಮೇಲೆ ಸದ್ದಿಲ್ಲ. ಬೈರಯ್ಯ ಬಗ್ಗಿ ನೋಡಿದ. ಬ್ಯಾಟರಿಯ ಬೆಳಕಿನಲ್ಲಿ ನೇರಳೆ ಸಿಪ್ಪೆಯ ಮೇಲೆ ವೆಂಕಟಸ್ವಾಮಿ ಮಗ್ಗುಲಾಗಿ ಮಲಗಿದ್ದ. ಇಳಿಯಲು ಹೋದ ಬೈರಯ್ಯನನ್ನು ಉಳಿದವರು ಸೊಂಟ ಹಿಡಿದು ಎಳೆದು ಕೂರಿಸಿದರು.

ಅಂದಿನಿಂದ ಬೈರಯ್ಯ ಬಾಯಿರುವ ಯಾವುದರೊಳಗೂ ಬಗ್ಗಿ ನೋಡುವುದಿಲ್ಲ. ಬಚ್ಚಲ ಹಂಡೆಯಿಂದ ನೀರನ್ನು ಹೆಂಡತಿಯೇ ಮೊಗೆದುಕೊಡಬೇಕು. “ಬಗ್ಗಿದ್ರೆ ಕರೀತಾನೆ ಸಾರ್. ಭಾವ, ಚೆನ್ನಾಗ್ ಕಾಣ್ತೈತೆ ಅಂತಾನೆ” ಎಂದು ನನ್ನೆದುರು ಹೇಳಿದ. ಹೇಳುವಾಗ ಟೀ ಲೋಟವನ್ನೂ ದೂರ ಸರಿಸಿದ. ಕೋಕಿಲಾ ಹೆಣ್ಣು ಹೆತ್ತಿದ್ದಾಳೆ. ಮುಸ್ಸಂಜೆ ವಠಾರದ ಮನೆಮನೆಯಲ್ಲೂ ದೀಪ ಹತ್ತುತ್ತದೆ, ಅವಳ ಮನೆಯಲ್ಲಿ ಇಲ್ಲ. ಮಗು ಇರುವ ಮನೆ, ದೀಪ ಹಚ್ಚೇ ಎಂದು ಬುದ್ಧಿ ಹೇಳಲು ಹೋದವರಿಗೆ ಅವಳು ಕತ್ತಲೊಳಗಿಂದಲೇ ಕೊಟ್ಟ ಉತ್ತರ: “ದೀಪ ಉಳಿಸ್ಕೊಂಡಿದ್ದಾಯ್ತಲ್ಲ, ಹೋಗ್ರಮ್ಮ.”

ಮೊನ್ನೆ ಕಾರ್ಖಾನೆಯವರು ನಮ್ಮಂಥ ಬರೆಯುವವರನ್ನು ಕರೆದು ಗೋಡಂಬಿ ತಿನ್ನಿಸಿದರು. ಈ ವರ್ಷ ನಮ್ಮ ಕಡೆಯ ವೈನಿಗೆ ಸುಗ್ಗಿಯಂತೆ. ಚಪ್ಪರಗಳಲ್ಲಿ ಫಸಲು ಚೆನ್ನಾಗಿ ಕಚ್ಚಿದೆಯಂತೆ, ಬೊಂಬಾಯಿಯ ಹೋಟೆಲುಗಳು ಕೇಳುತ್ತಿವೆಯಂತೆ, ಹೊಸ ತೊಟ್ಟಿಗಳು ಏಳುತ್ತಿವೆಯಂತೆ. ಪತ್ರಿಕೆಗಳು ಅದನ್ನು ಹಾಗೇ ಅಚ್ಚು ಹಾಕಿದವು. ಆ ತೊಟ್ಟಿಗಳಿಗೆ ಇಳಿಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಗೋಡಂಬಿ ಬಾಯಲ್ಲಿತ್ತು.

ಕೇಳಿದವನು ಬೈರಯ್ಯ. ಹೊಸ ತೊಟ್ಟಿಗೆ ಕಂಬಿ ಕಟ್ಟುತ್ತಿದ್ದ ಜಾಗಕ್ಕೆ ನಾನೂ ಜೊತೆಗೆ ಹೋಗಿದ್ದೆ.

“ಸ್ವಾಮಿ, ತಳದಲ್ಲಿ ಒಂದು ಬಾಗ್ಲು ಇಡ್ಸಿ. ಹೊರಗಡೆ ನಿಂತೇ ಸಿಪ್ಪೆ ಎಳ್ಕೋಬೋದು. ಯಾರೂ ಇಳಿಯಂಗಿಲ್ಲ.”

“ಬಾಗಿಲು ಇಟ್ರೆ ಸೋರುತ್ತೆ ಬೈರಯ್ಯ” ಎಂದರು ಚಕ್ರಪಾಣಿ. “ಸೋರದೇ ಇರೋ ಕಬ್ಬಿಣದ ಬಾಗಿಲು ಮಾಡಿಸೋಷ್ಟರಲ್ಲಿ ಸೀಸನ್ ಮುಗಿದುಹೋಗುತ್ತೆ. ಮುಂದಿನ ವರ್ಷ ನೋಡೋಣ.”

“ಹೋದ್ ವರ್ಷ ಹೆಣ ಎತ್ತಿದಾಗ್ಲೂ ಮುಂದಿನ್ ವರ್ಷ ಅಂದ್ರಿ.”

“ಈಗೇನು, ದೀಪ ಬಿಡೋಕೆ ನೀನಿದೀಯಲ್ಲಪ್ಪ.”

“ಕೈ ನೋಡಿ ಸ್ವಾಮಿ” ಎಂದು ಬೈರಯ್ಯ ಎರಡೂ ಕೈ ಮುಂದೆ ಚಾಚಿದ. ಅವು ನಡುಗುತ್ತಿದ್ದವು. “ಬುಡ್ಡಿ ಹಚ್ಚೋಕೇ ಆಗಲ್ಲ. ಕಡ್ಡಿ ಗೀರಿದ್ರೆ ಅವನ ಮುಖ ಕಾಣ್ತದೆ.”

ಚಕ್ರಪಾಣಿ ವಾಚು ನೋಡಿಕೊಂಡು ಹೊರಟರು. ಅವರು ರಸಾಯನಶಾಸ್ತ್ರ ಓದಿದವರು. ದೀಪ ಯಾಕೆ ಆರುತ್ತದೆ, ಬ್ಯಾಟರಿ ಯಾಕೆ ಆರುವುದಿಲ್ಲ ಎಂಬುದು ಅವರಿಗೆ ತಿಳಿಯದ್ದೇನಲ್ಲ. ನಡುಗುವ ಎರಡು ಕೈಗಳ ಮೇಲೆ ಒಂದು ಇಡೀ ಉದ್ಯಮದ ಸುಗ್ಗಿಯನ್ನು ನಿಲ್ಲಿಸಿದ್ದಾರೆ. ಈ ಸಲ ಕೆಲಸಕ್ಕೆ ಸೇರಿರುವವರೆಲ್ಲ ಪೇಟೆಯಲ್ಲೇ ಹುಟ್ಟಿದ ಹುಡುಗರು, ಹಗೇವು ಕಂಡವರಲ್ಲ. ಇಳಿ ಎಂದರೆ ಇಳಿಯುತ್ತಾರೆ.

ಗುರುವಾರ ಕಾಂಕ್ರೀಟು ಸುರಿಯುತ್ತಾರೆ. ಸುರಿದ ಮೇಲೆ ಆ ಗೋಡೆಗೆ ಬಾಗಿಲು ಬರುವುದಿಲ್ಲ. ರಾಜಾಜಿನಗರದವರೇ, ವಿಜಯನಗರದವರೇ, ನಿಮ್ಮ ಮನೆಯಿಂದ ಅಲ್ಲಿಗೆ ಒಂದೇ ಬಸ್ಸು. ಕುಡಿಯುವವರೂ ಬನ್ನಿ, ಮೂಗು ಮುಚ್ಚಿಕೊಳ್ಳುವ ಮಡಿವಂತರೂ ಬನ್ನಿ. ಬುಧವಾರ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಿ. ಬಾಗಿಲು ಇಡಿಸುತ್ತೇವೆಂದು ಚಕ್ರಪಾಣಿಯವರ ಬಾಯಿಂದ ಹೇಳಿಸುವವರೆಗೆ ಒಂದು ಬಾಂಡ್ಲಿ ಜಲ್ಲಿಯನ್ನೂ ಒಳಗೆ ಬಿಡಬೇಡಿ.