ಬಸಣ್ಣನ ತೋಳುದ್ದದ ರ್ಯಾಚೆಟ್

ಗೆಳೆಯರೇ, ಇವತ್ತು ನನ್ನ ಅಂಗೈಯಲ್ಲೆದ್ದ ಬೊಬ್ಬೆಗೆ ನಮ್ಮ ಬಸಣ್ಣನೇ ಕಾರಣ. ಇಷ್ಟು ದಿನ ಕೋಪರಿಯ ನಮ್ಮ ಗ್ಯಾರೇಜಿನಲ್ಲಿ ಫಿಯೆಟ್ ಕಾರುಗಳನ್ನಷ್ಟೇ ರಿಪೇರಿ ಮಾಡುತ್ತಿದ್ದ ಈ ಬಿಜಾಪುರದ ಮೇಸ್ತ್ರಿ, ಲಾರಿ ಕೆಲಸಕ್ಕೆಂದು ನಿನ್ನೆ ನಟ್ ಬಿಚ್ಚುವ ತೋಳುದ್ದದ ರ್ಯಾಚೆಟ್ ಪಾನಾ ತಂದಿದ್ದ.

ಮಧ್ಯಾಹ್ನ ಮೀನು ಮಾರ್ಕೆಟ್ಟಿಗೆ ಐಸ್ ಗಡ್ಡೆ ಒಯ್ಯುತ್ತಿದ್ದ ಲಾರಿಯೊಂದು ಗ್ಯಾರೇಜಿಗೆ ಬಂತು. ಹಿಂದಿನ ಎಡ ಚಕ್ರ ಪಂಕ್ಚರ್. ಡ್ರೈವರ್ ಊಟಕ್ಕೆ ಹೋದ. ನಟ್ ಮಾತ್ರ ಅಲುಗಲಿಲ್ಲ.

"ಪೈಪ್ ಹಾಕ್ರಿ, ಜಗ್ರಿ!" ಎಂದ ಬಸಣ್ಣ. ಪಾನಾದ ಹಿಡಿಗೆ ಪೈಪ್ ಸಿಕ್ಕಿಸಿ ಮೂವರು ಜೋತುಬಿದ್ದೆವು. ಕರಗಿದ ಐಸ್ ನೀರು ತಲೆಯ ಮೇಲೇ ಸುರಿಯುತ್ತಿತ್ತು.

ಕುಂದಾಪುರದ ಆ ಡ್ರೈವರ್ ಕೈ ಒರೆಸಿಕೊಳ್ಳುತ್ತ ಬಂದ. "ಎಂತ ಮಾರಾಯ್ರೆ! ಲಾರಿಯ ಎಡಬದಿ ನಟ್ ಉಲ್ಟಾ ತಿರುಗುದು. ಇಷ್ಟೊತ್ತು ನೀವು ಬಿಗಿ ಮಾಡ್ತಾ ಇದ್ದದ್ದಾ?"

ದಿಕ್ಕು ಬದಲಿಸುವ ಪುಟ್ಟ ಲಿವರನ್ನು ಅವನೇ ಬೆರಳಿನಿಂದ ತಳ್ಳಿದ. ನಾವು ಮತ್ತೆ ಜೋತುಬಿದ್ದೆವು, ಈ ಸಲ ಇನ್ನೊಂದು ಕಡೆಗೆ. ಅರ್ಧ ಐಸ್ ಕರಗಿದ ಮೇಲೆ ನಟ್ ಬಿಟ್ಟಿತು.

ಬಸಣ್ಣನಿಗೆ ನಾಚಿಕೆಯೇ? ಪಾನಾ ಒರೆಸುತ್ತ ಹೇಳಿದ: "ನೋಡ್ರಿಪಾ, ಈ ಪಾನಾ ಎಷ್ಟ್ ಬಿಗಿ ಮಾಡಿತ್ತು! ಸಣ್ಣ ಪಾನಾದಿಂದ ಇದು ಆಗ್ತಿತ್ತೇನ್ರಿ?"